ಕ್ಯೂ ಪತ್ರಾಗಾರದ ಓದುಕೋಣೆ: ಸಾಮ್ರಾಜ್ಯದ ಲೆಕ್ಕ ಕೇಳುವವರಿಗೆ ಎಷ್ಟು ಪ್ರಯೋಜನ?

1919ರ ಮೇ 12ರಂದು ಬ್ರಿಟನ್ನಿನ ಯುದ್ಧಖಾತೆ ಮಂತ್ರಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಒಂದು ಕಚೇರಿ ಟಿಪ್ಪಣಿ ಬರೆದರು. ಅನಿಲ ಬಳಸಲು ಇಷ್ಟೊಂದು ಅಳುಕು ಯಾಕೆಂದು ತನಗೆ ಅರ್ಥವಾಗುತ್ತಿಲ್ಲ, ಅನಾಗರಿಕ ಬುಡಕಟ್ಟುಗಳ ಮೇಲೆ ವಿಷಾನಿಲ ಬಳಸುವುದಕ್ಕೆ ತನ್ನ ಬಲವಾದ ಬೆಂಬಲವಿದೆ ಎಂದು ಅದರಲ್ಲಿದೆ. ಸಾಮ್ರಾಜ್ಯವನ್ನು ಖಂಡಿಸುವವರು ಅಲ್ಲಿಗೆ ನಿಲ್ಲಿಸುತ್ತಾರೆ. ಸಮರ್ಥಿಸುವವರು ಮುಂದಿನ ಸಾಲುಗಳನ್ನು ಹಿಡಿಯುತ್ತಾರೆ: ಪ್ರಾಣ ತೆಗೆಯುವ ಅನಿಲವೇ ಆಗಬೇಕೆಂದಿಲ್ಲ, ತುಂಬ ತೊಂದರೆ ಕೊಟ್ಟು, ಭಯ ಹುಟ್ಟಿಸಿ, ಶಾಶ್ವತ ಹಾನಿ ಮಾಡದಂಥವನ್ನು ಬಳಸಬಹುದು, ಸಾವುನೋವು ಕಡಿಮೆಯಾಗುತ್ತದೆ. ಎರಡೂ ಒಂದೇ ಟಿಪ್ಪಣಿಯ ಮಾತು. ಕೂಡಿಸಿ ಓದಿದಾಗಲೇ ಅಸಲು ಪ್ರಶ್ನೆ ಕಾಣುವುದು: ಸಾವು ತಗ್ಗಿಸಲೆಂದು ಭಯವನ್ನೇ ಆಯುಧ ಮಾಡಿಕೊಳ್ಳಬಹುದೇ? ‘ಅನಾಗರಿಕ’ ಎಂಬ ಒಂದು ಪದ ಈ ಲೆಕ್ಕದಲ್ಲಿ ಯಾವ ಕೆಲಸ ಮಾಡುತ್ತಿದೆ? ಮರುವರ್ಷ, 1920ರ ಜುಲೈ 8ರಂದು, ಇದೇ ಚರ್ಚಿಲ್ ಪಾರ್ಲಿಮೆಂಟಿನಲ್ಲಿ ನಿಂತು ಜಲಿಯನ್‌ವಾಲಾ ಬಾಗ್ ಹತ್ಯೆಯನ್ನು ರಾಕ್ಷಸೀ ಘಟನೆ ಎಂದು ಕರೆದರು. ಅದನ್ನೂ ಜೊತೆಗಿಟ್ಟುಕೊಂಡು ಯೋಚಿಸಬೇಕಾಗುತ್ತದೆ.

ಇಂಥ ವಾದಗಳಲ್ಲಿ ಅರ್ಧ ಸಾಲು ಹಿಡಿದು ಹೊಡೆದಾಡುವುದು ಬೇಡ, ಪೂರ್ತಿ ಹಾಳೆ ನೋಡೋಣ ಎನ್ನುವವರಿಗೆ ಲಂಡನ್ನಿನ ಪಶ್ಚಿಮದಂಚಿನ ಕ್ಯೂನಲ್ಲಿರುವ ‘ನ್ಯಾಷನಲ್ ಆರ್ಕೈವ್ಸ್’ ದೊಡ್ಡ ಸೌಲಭ್ಯ. ಬ್ರಿಟಿಷ್ ಸರ್ಕಾರದ ಹಳೆಯ ಕಡತಗಳಲ್ಲಿ ಉಳಿಸಲೆಂದು ಆರಿಸಿದವು ಬಂದು ಸೇರುವ ಪತ್ರಾಗಾರ ಇದು. ಯಾವ ದೇಶದವರು ಬೇಕಾದರೂ ಹೋಗಬಹುದು. ವಿಶ್ವವಿದ್ಯಾಲಯದ ಪತ್ರ ಬೇಡ, ಶಿಫಾರಸು ಬೇಡ, ಶುಲ್ಕವಿಲ್ಲ. ಸೇವೆಯ ಗುಣಮಟ್ಟಕ್ಕೆ ಹತ್ತಕ್ಕೆ ಒಂಬತ್ತು ಕೊಡಬಹುದು. ಸಂಗ್ರಹದ ಪ್ರಾಮಾಣಿಕತೆಗೆ ಅಷ್ಟು ಕೊಡಲಾಗುವುದಿಲ್ಲ. ತಪ್ಪು ಈಗಿನ ಸಿಬ್ಬಂದಿಯದಲ್ಲ. ಕಾಗದ ಇಲ್ಲಿಗೆ ಬರುವ ಮೊದಲೇ ಅದನ್ನು ಜರಡಿ ಹಿಡಿದವರದು. ಆ ವಿಷಯ ಮುಂದೆ ಬರುತ್ತದೆ.

ಮೊದಲು ಹೋಗುವ ದಾರಿ. ಲಂಡನ್ ಮೆಟ್ರೋದ ಡಿಸ್ಟ್ರಿಕ್ಟ್ ಲೈನಿನಲ್ಲಿ ಕ್ಯೂ ಗಾರ್ಡನ್ಸ್ ನಿಲ್ದಾಣ, ಅಲ್ಲಿಂದ ಹತ್ತು ನಿಮಿಷದ ನಡಿಗೆ. ಭಾನುವಾರ, ಸೋಮವಾರ ರಜೆ. ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ 9.30ರಿಂದ ಸಂಜೆ 7ರವರೆಗೆ. ಬುಧ, ಶುಕ್ರ, ಶನಿವಾರ ಸಂಜೆ 5ಕ್ಕೆ ಬಾಗಿಲು. ಊರಿನಿಂದ ಬಂದವರು ವಾರದಲ್ಲಿ ಎರಡೇ ದಿನ ಬಿಡುವು ಮಾಡಿಕೊಳ್ಳುವುದಾದರೆ ಮಂಗಳವಾರ–ಗುರುವಾರ ಆರಿಸಿಕೊಳ್ಳಬೇಕು. ಎರಡು ಗಂಟೆ ಹೆಚ್ಚು ಸಿಗುತ್ತದೆ, ನಡುವಿನ ಬುಧವಾರ ತೆಗೆದ ಫೋಟೋಗಳನ್ನು ಜೋಡಿಸಿ ಮುಂದಿನ ಪಟ್ಟಿ ಮಾಡಿಕೊಳ್ಳಬಹುದು.

ಮೂಲ ಕಾಗದ ಕೈಗೆ ಬೇಕಾದರೆ ‘ರೀಡರ್ಸ್ ಟಿಕೆಟ್’ ಬೇಕು. ಅರ್ಜಿಯನ್ನು ಮನೆಯಿಂದಲೇ ವೆಬ್‌ಸೈಟಿನಲ್ಲಿ ತುಂಬಿ, ಹೋದ ದಿನ ಎರಡು ದಾಖಲೆ ತೋರಿಸಬೇಕು: ಹೆಸರಿಗೆ ಒಂದು, ವಿಳಾಸಕ್ಕೆ ಒಂದು. ಪಾಸ್‌ಪೋರ್ಟ್ ಹೆಸರಿಗೆ ಸಾಕು. ಸಿಕ್ಕಿಬೀಳುವುದು ವಿಳಾಸದಲ್ಲಿ. ನಮ್ಮಲ್ಲಿ ಆಧಾರ್, ಪಾನ್, ರೇಷನ್ ಕಾರ್ಡುಗಳಲ್ಲಿ ಒಂದೊಂದರಲ್ಲಿ ಒಂದೊಂದು ವಿಳಾಸ, ಹೆಸರಿನ ಕಾಗುಣಿತವೂ ಬೇರೆಬೇರೆ ಇರುವುದುಂಟು. ಪಾಸ್‌ಪೋರ್ಟಿನಲ್ಲಿರುವ ಹೆಸರೇ ಅಕ್ಷರಶಃ ಇರುವ, ಇತ್ತೀಚಿನ, ಇಂಗ್ಲಿಷಿನಲ್ಲಿರುವ ಬ್ಯಾಂಕ್ ಕಾಗದವನ್ನು ಮೂಲಪ್ರತಿಯಲ್ಲೇ ಒಯ್ಯುವುದು ಸುರಕ್ಷಿತ. ಯಾವ ಯಾವ ದಾಖಲೆ ನಡೆಯುತ್ತದೆ ಎಂಬ ಪಟ್ಟಿ ಅವರ ವೆಬ್‌ಸೈಟಿನಲ್ಲಿದೆ, ಟಿಕೆಟ್ ತೆಗೆಯುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಟಿಕೆಟ್ ಮಾಡಿಸಿದರೆ ಮೂರು ವರ್ಷ ನಡೆಯುತ್ತದೆ.

ಓದುಕೋಣೆ ಮೊದಲ ಮಹಡಿಯಲ್ಲಿದೆ. ದೊಡ್ಡ ನಕ್ಷೆಗಳದು ಎರಡನೆಯ ಮಹಡಿ. ಚೀಲ, ಕೋಟು, ನೀರಿನ ಬಾಟಲಿ ಎಲ್ಲ ಕೆಳಗಿನ ಲಾಕರಿನಲ್ಲಿ. ಪೆನ್ನು ಒಳಗೆ ಬರುವಂತಿಲ್ಲ, ಪೆನ್ಸಿಲ್ ಮಾತ್ರ; ರಬ್ಬರು, ಮೆಂಡರು ಕೂಡ ಹೊರಗೇ. ಬಾಯಲ್ಲಿ ಪೆಪ್ಪರಮೆಂಟು ಇಟ್ಟುಕೊಳ್ಳುವುದಕ್ಕೂ ಬಿಡುವುದಿಲ್ಲ. ಲ್ಯಾಪ್‌ಟಾಪ್, ಮೊಬೈಲ್, ಕ್ಯಾಮೆರಾ ಒಯ್ಯಬಹುದು, ಫ್ಲ್ಯಾಶ್ ಆರಿಸಿರಬೇಕು. ಫೋಟೋ ತೆಗೆಯಲು ಹಣವಿಲ್ಲ, ಎಷ್ಟು ಪುಟ ಬೇಕಾದರೂ ತೆಗೆಯಬಹುದು. ಇದೊಂದೇ ಅನುಕೂಲದಿಂದ ದೂರದಿಂದ ಬಂದವರ ಖರ್ಚು ಅರ್ಧವಾಗುತ್ತದೆ. ಕೂರುವ ಜಾಗದ ಸಂಖ್ಯೆಯೇ ಕಡತ ಬಂದು ಕೂರುವ ಗೂಡಿನ ಸಂಖ್ಯೆ. ಗೂಡಿನಿಂದ ಒಂದು ಕಡತ ತಂದು, ಓದಿ, ವಾಪಸಿಟ್ಟು ಮುಂದಿನದನ್ನು ತರಬೇಕು. ಹೊರಗೆ ಬರುವಾಗ ಕಾವಲಿನವರು ಲ್ಯಾಪ್‌ಟಾಪ್ ತೆರೆಸಿ, ಟಿಪ್ಪಣಿ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡುತ್ತಾರೆ. ಎಲ್ಲರಿಗೂ ಅದೇ ನಿಯಮ, ಬೇಸರಪಡಬೇಕಾಗಿಲ್ಲ.

ಕಡತಕ್ಕೆ ಹಿಂದಿನ ದಿನಗಳಲ್ಲೇ ಆನ್‌ಲೈನಿನಲ್ಲಿ ಬೇಡಿಕೆ ಸಲ್ಲಿಸಿ ಹೋಗಬೇಕು. ಹೋದಮೇಲೆ ಕೇಳಿದರೆ ಸುಮಾರು ಒಂದು ಗಂಟೆ ಕಾಯುವುದಾಗುತ್ತದೆ, ಕೆಲವು ಕಡತಗಳು ಲಂಡನ್ನಿನಿಂದ ಹೊರಗಿನ ಉಗ್ರಾಣದಲ್ಲಿರುವುದರಿಂದ ಅದೇ ದಿನ ಸಿಗುವುದಿಲ್ಲ. ಒಂದೇ ಸರಣಿಯ ಹತ್ತಾರು ಕಡತ ಒಟ್ಟಿಗೆ ಬೇಕಾದವರಿಗೆ ‘ಬಲ್ಕ್ ಆರ್ಡರ್’ ಎಂಬ ಬೇರೆ ವ್ಯವಸ್ಥೆಯಿದೆ.

ಈಗ ಹುಡುಕುವ ಕೆಲಸ. ಹೆಚ್ಚಿನವರು ಸೋಲುವುದು ಇಲ್ಲೇ. ‘ಡಿಸ್ಕವರಿ’ ಎಂಬ ಅವರ ಸೂಚಿಯಲ್ಲಿ ಕಡತದೊಳಗಿನ ಪದಗಳು ಸಿಗುವುದಿಲ್ಲ, ಕಡತದ ಹೊದಿಕೆಯ ಮೇಲಿನ ಶೀರ್ಷಿಕೆ ಮಾತ್ರ ಸಿಗುತ್ತದೆ. ಆ ಶೀರ್ಷಿಕೆ ಬರೆದವರು ಆಗಿನ ಗುಮಾಸ್ತರು. ಅವರು ‘ಹತ್ಯಾಕಾಂಡ’ ಎಂದು ಬರೆಯುತ್ತಿರಲಿಲ್ಲ, ‘ಡಿಸ್ಟರ್ಬೆನ್ಸಸ್’ ಎಂದು ಬರೆಯುತ್ತಿದ್ದರು. ಕೀನ್ಯಾ, ಮಲಯಾ, ಸೈಪ್ರಸ್ಸಿನ ಯುದ್ಧಗಳನ್ನು ಅವರು ಯುದ್ಧವೆಂದು ಕರೆಯಲೇ ಇಲ್ಲ. ಆದ್ದರಿಂದ ಹುಡುಕಬೇಕಾದ ಪದ ‘ಎಮರ್ಜೆನ್ಸಿ’. ಚಿತ್ರಹಿಂಸೆ ಎಂದು ಹುಡುಕಿದರೆ ಬೇಕಾದದ್ದು ಸಿಗುವುದು ಕಷ್ಟ. ‘ಸ್ಕ್ರೀನಿಂಗ್’, ‘ರಿಹ್ಯಾಬಿಲಿಟೇಶನ್’, ‘ಡಿಟೆನ್ಷನ್ ಕ್ಯಾಂಪ್ಸ್’ ಎಂದು ಹುಡುಕಿದರೆ ಪುಟಗಟ್ಟಲೆ ಬರುತ್ತದೆ. ಊರು ಸುಟ್ಟದ್ದು, ದನ ಹಿಡಿದುಕೊಂಡು ಹೋದದ್ದು ‘ಕಲೆಕ್ಟಿವ್ ಪನಿಶ್ಮೆಂಟ್’ ಅಡಿಯಲ್ಲಿರುತ್ತದೆ. ನಮ್ಮ ಕಡೆಯ ಹೆಸರುಗಳಿಗೂ ಹಳೆಯ ಕಾಗುಣಿತವೇ ಬೇಕು: ಶ್ರೀರಂಗಪಟ್ಟಣಕ್ಕೆ ‘ಸೆರಿಂಗಪಟಮ್’, ಟಿಪ್ಪುವಿಗೆ ‘ಟಿಪ್ಪೂ’, ಕೊಡಗಿಗೆ ‘ಕೂರ್ಗ್’. ಆಡಳಿತದ ಭಾಷೆಯನ್ನು ಕಲಿಯದೆ ಆಡಳಿತದ ಕಡತ ಸಿಗುವುದಿಲ್ಲ. ಕಲಿತ ಮೇಲೆ, ಆ ಸೌಮ್ಯ ಪದಗಳು ಏನನ್ನು ಮುಚ್ಚಿಕೊಂಡಿದ್ದವು ಎಂಬುದು ತಾನಾಗಿ ಗೊತ್ತಾಗುತ್ತದೆ.

ಕಡತ ಬಿಚ್ಚಿದಾಗ ಮೊದಲು ಕಾಣುವುದು ಎಡಮೂಲೆಯ ತೂತು, ಅದರಲ್ಲಿ ಪೋಣಿಸಿದ ದಾರ, ದಾರದ ಎರಡು ತುದಿಗೆ ಚಿಕ್ಕ ಲೋಹದ ಕಡ್ಡಿ. ನಮ್ಮ ತಾಲ್ಲೂಕು ಕಚೇರಿಗಳ ಟ್ಯಾಗು ಇದರ ನಂಟನೇ. ಸಾಮಾನ್ಯವಾಗಿ ಹಳೆಯ ಕಾಗದ ತಳದಲ್ಲಿ, ಹೊಸದು ಮೇಲೆ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಮೇಲಿನಿಂದ ಓದಿದರೆ ತೀರ್ಮಾನ ಮೊದಲು ಸಿಕ್ಕಿ ಕಾರಣ ಕೊನೆಗೆ ಸಿಗುತ್ತದೆ. ಟೈಪು ಮಾಡಿದ ಪತ್ರಕ್ಕಿಂತ ಹೆಚ್ಚು ಬೆಲೆ ಪಕ್ಕದ ಟಿಪ್ಪಣಿ ಹಾಳೆಗೆ. ಪತ್ರ ಹೊರಗಿನವರಿಗಾಗಿ ಬರೆದದ್ದು. ಟಿಪ್ಪಣಿ ಹಾಳೆಯಲ್ಲಿ ಕೆಳಗಿನ ಅಧಿಕಾರಿಯಿಂದ ಮೇಲಿನವರವರೆಗೆ ಒಬ್ಬೊಬ್ಬರೂ ಷರಾ ಹಾಕಿ, ಕಿರುಸಹಿ ಮಾಡಿ, ತಾರೀಖು ಬರೆದಿರುತ್ತಾರೆ. ಯಾರು ಆಕ್ಷೇಪಿಸಿದರು, ಯಾರು ಸುಮ್ಮನೆ ಮುಂದಕ್ಕೆ ತಳ್ಳಿದರು ಎಂಬುದು ಅಲ್ಲೇ. ಫೋಟೋ ತೆಗೆಯುವಾಗ ಮೊದಲು ಹೊದಿಕೆಯ ಮೇಲಿನ ಕಡತ ಸಂಖ್ಯೆಯದು ಒಂದು, ಆಮೇಲೆ ಪುಟಸಂಖ್ಯೆ ಕಾಣುವಂತೆ ಉಳಿದವು. ಈ ಕ್ರಮ ತಪ್ಪಿದರೆ ಊರಿಗೆ ಬಂದಮೇಲೆ ಎಂಟುನೂರು ಚಿತ್ರಗಳಲ್ಲಿ ಯಾವುದು ಯಾವ ಕಡತದ್ದೆಂದು ಹೇಳಲು ಬರುವುದಿಲ್ಲ, ಉಲ್ಲೇಖಿಸಲೂ ಬರುವುದಿಲ್ಲ.

ಯುದ್ಧದ ನೀತಿಯ ಬಗ್ಗೆ ಒಂದೇ ಒಂದು ಉದಾಹರಣೆ ನೋಡಬೇಕೆಂದರೆ ‘ಸಿಎಬಿ 120’ (ಸಿಎಬಿ ಎಂದರೆ ಸಂಪುಟದ ಕಡತಗಳು) ಸರಣಿಯಲ್ಲಿರುವ, 1945ರ ಮಾರ್ಚ್ 28ರ ಚರ್ಚಿಲ್ ಟಿಪ್ಪಣಿಯನ್ನು ನೋಡಿ. ಫೆಬ್ರವರಿ 13ರಿಂದ 15ರವರೆಗೆ ಡ್ರೆಸ್ಡನ್ ನಗರ ಉರಿದು ಆರು ವಾರವಾಗಿತ್ತು. ಬೇರೆ ನೆಪ ಹೇಳಿಕೊಂಡು, ಕೇವಲ ಭೀತಿ ಹೆಚ್ಚಿಸಲೆಂದು ಜರ್ಮನ್ ನಗರಗಳ ಮೇಲೆ ಬಾಂಬು ಹಾಕುವುದನ್ನು ಮರುಪರಿಶೀಲಿಸುವ ಹೊತ್ತು ಬಂದಿದೆ ಎಂದು ಪ್ರಧಾನಿಯೇ ಸೇನಾ ಮುಖ್ಯಸ್ಥರಿಗೆ ಬರೆದರು. ‘ಭೀತಿ’ ಎಂಬ ಪದ, ‘ನೆಪ’ ಎಂಬ ಪದ, ಸರ್ಕಾರದ ತಲೆಯಾಳಿನ ಕೈಯಿಂದಲೇ. ವಾಯುಪಡೆಯ ಮುಖ್ಯಸ್ಥ ಚಾರ್ಲ್ಸ್ ಪೋರ್ಟಲ್ ಒಪ್ಪಲಿಲ್ಲ. ಬಾಂಬರ್ ದಳದ ಆರ್ಥರ್ ಹ್ಯಾರಿಸ್ ಕೆರಳಿ, ಜರ್ಮನಿಯಲ್ಲಿ ಉಳಿದಿರುವ ಅಷ್ಟೂ ನಗರಗಳು ಒಬ್ಬ ಬ್ರಿಟಿಷ್ ಸೈನಿಕನ ಎಲುಬಿಗೂ ಸಮವಲ್ಲ ಎಂಬರ್ಥದ ಉತ್ತರ ಕೊಟ್ಟರು. ಚರ್ಚಿಲ್ ಟಿಪ್ಪಣಿಯನ್ನು ಹಿಂತೆಗೆದುಕೊಂಡು ಏಪ್ರಿಲ್ 1ರಂದು ಇನ್ನೊಂದನ್ನು ಹೊರಡಿಸಿದರು. ಹೊಸದರಲ್ಲಿ ಭೀತಿಯ ಮಾತಿಲ್ಲ. ನಗರಗಳನ್ನು ಪೂರ್ತಿ ಹಾಳುಮಾಡಿದರೆ ಗೆದ್ದಮೇಲೆ ನಮ್ಮವರಿಗೇ ಉಳಿದುಕೊಳ್ಳಲು ಜಾಗ ಸಿಗದು ಎಂಬ ಲಾಭನಷ್ಟದ ಮಾತಿದೆ. ನೀತಿಯ ಪ್ರಶ್ನೆ ನಾಲ್ಕು ದಿನದಲ್ಲಿ ಅನುಕೂಲದ ಪ್ರಶ್ನೆಯಾಗಿ ಬದಲಾದದ್ದು ಈ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟಾಗ ಕಾಣುತ್ತದೆ.

ಇದರ ಬೇರು ಬೇಕಾದವರು ವಾಯುಪಡೆಯ ಕಡತಗಳಾದ ‘ಏರ್ 8’, ‘ಏರ್ 14’ ಸರಣಿಗಳಿಗೆ ಹೋಗಬೇಕು. 1942ರ ಫೆಬ್ರವರಿ 14ರ ಆದೇಶದಲ್ಲಿ ಶತ್ರುದೇಶದ ಸಾಮಾನ್ಯ ಜನರ, ಅದರಲ್ಲೂ ಕೈಗಾರಿಕಾ ಕಾರ್ಮಿಕರ ಧೈರ್ಯ ಕುಗ್ಗಿಸುವುದೇ ಗುರಿ ಎಂದಿದೆ; ಮರುದಿನ ಪೋರ್ಟಲ್, ಗುರಿಯಿಡಬೇಕಾದದ್ದು ಜನವಸತಿಗೆ, ಹಡಗುಕಟ್ಟೆಗೋ ವಿಮಾನ ಕಾರ್ಖಾನೆಗೋ ಅಲ್ಲ ಎಂದು ಸ್ಪಷ್ಟಪಡಿಸಿದರು. ಕಾರ್ಖಾನೆಗೆ ಹಾಕಿದ ಬಾಂಬು ಗುರಿತಪ್ಪಿ ಮನೆಗಳ ಮೇಲೆ ಬಿತ್ತು ಎಂಬ ವಾದ ಇದರ ಮುಂದೆ ನಿಲ್ಲುವುದಿಲ್ಲ. ಹಾಗೆಯೇ ಡ್ರೆಸ್ಡನ್ನಿನಲ್ಲಿ ಎರಡು ಲಕ್ಷ ಜನ ಸತ್ತರು ಎಂಬ ಮಾತೂ ನಿಲ್ಲುವುದಿಲ್ಲ. ಅಲ್ಲಿನ ನಗರಾಡಳಿತ ನೇಮಿಸಿದ ಇತಿಹಾಸಕಾರರ ಆಯೋಗ 2010ರಲ್ಲಿ ಕೊಟ್ಟ ಲೆಕ್ಕ ಹೆಚ್ಚೆಂದರೆ 25,000. ಆ ದೊಡ್ಡ ಸಂಖ್ಯೆಯನ್ನು ಬೆಳೆಸಿದ್ದು ನಾಜಿ ಪ್ರಚಾರ ಖಾತೆ. ಸತ್ತವರ ಪರ ಮಾತಾಡುವವರು ಸಂಖ್ಯೆಯಲ್ಲಿ ಇನ್ನಷ್ಟು ಜೋಪಾನವಾಗಿರಬೇಕು.

ಬಂಗಾಳದ ಬರಗಾಲದ ಬಗ್ಗೆ ಹುಡುಕುವವರಿಗೆ ಒಂದು ಎಚ್ಚರಿಕೆ. ಯುದ್ಧಕಾಲದ ಸಂಪುಟದ ನಡಾವಳಿ ‘ಸಿಎಬಿ 65’ರಲ್ಲಿದೆ, ಸಭೆಯ ಮುಂದಿಟ್ಟ ಪತ್ರಗಳು ‘ಸಿಎಬಿ 66’ರಲ್ಲಿ. ಎರಡನ್ನೂ ಡಿಜಿಟೈಸ್ ಮಾಡಿರುವುದರಿಂದ ಬೆಂಗಳೂರಿನಲ್ಲೇ ಕೂತು ಇಳಿಸಿಕೊಳ್ಳಬಹುದು. 1943ರ ಆಗಸ್ಟಿನಲ್ಲಿ ಭಾರತಕ್ಕೆ 5 ಲಕ್ಷ ಟನ್ ಧಾನ್ಯ ಬೇಕೆಂಬ ಕೋರಿಕೆ ಬಂದಾಗ ಸಂಪುಟ ಒಪ್ಪಿದ್ದು ಅದರ ಒಂದು ಪಾಲಿಗೆ ಮಾತ್ರ ಎಂಬುದು ಅಲ್ಲಿ ಸಿಗುತ್ತದೆ. ಆದರೆ ಭಾರತೀಯರನ್ನು ಕುರಿತು ಚರ್ಚಿಲ್ ಆಡಿದರೆಂಬ ಬೈಗುಳ ಅಲ್ಲಿ ಸಿಗುವುದಿಲ್ಲ. ನಡಾವಳಿಯಲ್ಲಿ ಬರುವುದು ತೀರ್ಮಾನ ಮತ್ತು ವಾದದ ಸಾರ, ಯಾರು ಯಾವ ದನಿಯಲ್ಲಿ ಏನೆಂದರು ಎಂಬುದಲ್ಲ. ಆ ಮಾತುಗಳ ಮೂಲ ಭಾರತ ಖಾತೆಯ ಮಂತ್ರಿ ಲಿಯೋ ಏಮರಿಯ ದಿನಚರಿ. ಅದು ಕೇಂಬ್ರಿಜ್‌ನ ಚರ್ಚಿಲ್ ಕಾಲೇಜಿನಲ್ಲಿದೆ. ನಡಾವಳಿಯಲ್ಲಿಲ್ಲ, ಆದ್ದರಿಂದ ಆ ಮಾತು ಆಡಿಯೇ ಇಲ್ಲ ಎನ್ನುವವರಿಗೂ, ದಿನಚರಿಯ ಸಾಲನ್ನು ಸರ್ಕಾರಿ ದಾಖಲೆ ಎಂದು ಹಂಚುವವರಿಗೂ ಈ ವ್ಯತ್ಯಾಸ ಗೊತ್ತಿರಬೇಕು. ಸಭೆಯ ಒಳಮಾತು ಸ್ವಲ್ಪವಾದರೂ ಬೇಕಾದರೆ ‘ಸಿಎಬಿ 195’ ನೋಡಿ. ಸಂಪುಟ ಕಾರ್ಯದರ್ಶಿಗಳು 1942ರಿಂದ ಸಭೆಯಲ್ಲಿ ಕೈಬರಹದಲ್ಲಿ ಗೀಚಿಕೊಂಡ ಪುಸ್ತಕಗಳು ಅವು.

ಇನ್ನು ವಿದೇಶಾಂಗ ಖಾತೆಯಿಂದ ಬಂದ ‘ಎಫ್‌ಸಿಒ 141’. ಕ್ಯೂಗೆ ಹೋಗಲು ಇದೊಂದೇ ಸರಣಿ ಸಾಕಷ್ಟು ಕಾರಣ, ಕ್ಯೂ ಮೇಲಿನ ದೊಡ್ಡ ದೂರೂ ಇದರಲ್ಲೇ ಇದೆ.

ವಸಾಹತುಗಳನ್ನು ಬಿಟ್ಟು ಹೊರಡುವಾಗ ಬ್ರಿಟಿಷ್ ಅಧಿಕಾರಿಗಳು ಕಡತಗಳನ್ನು ವಿಂಗಡಿಸಿದರು. ಹೊಸ ಸರ್ಕಾರಕ್ಕೆ ಬಿಟ್ಟುಹೋಗಬಹುದಾದವು ‘ಲೆಗಸಿ’, ಬಿಡಬಾರದವು ‘ವಾಚ್’. 1961ರಲ್ಲಿ ವಸಾಹತು ಮಂತ್ರಿ ಇಯಾನ್ ಮ್ಯಾಕ್ಲೌಡ್ ಕೊಟ್ಟ ನಿರ್ದೇಶನದಂತೆ, ಬ್ರಿಟಿಷ್ ಸರ್ಕಾರಕ್ಕೆ ಮುಜುಗರ ತರುವಂಥದ್ದು, ಪೊಲೀಸರಿಗೆ, ಸೈನಿಕರಿಗೆ, ನೌಕರರಿಗೆ, ಬಾತ್ಮೀದಾರರಿಗೆ ತೊಂದರೆ ತರುವಂಥದ್ದು ಯಾವುದೂ ಹೊಸ ಸರ್ಕಾರದ ಕೈಗೆ ಹೋಗಬಾರದು. ಕೀನ್ಯಾದಂಥ ಕಡೆ ‘ವಾಚ್’ ಕಡತ ಮುಟ್ಟುವ ಅಧಿಕಾರ ಯುರೋಪಿಯನ್ ಮೂಲದ ಬ್ರಿಟಿಷ್ ಪ್ರಜೆಗಳಿಗೆ ಮಾತ್ರ. ಸುಡುವುದಾದರೆ ಪೂರ್ತಿ ಬೂದಿಯಾಗಬೇಕು, ಬೂದಿಯನ್ನೂ ಪುಡಿ ಮಾಡಬೇಕು. ಮುಳುಗಿಸುವುದಾದರೆ ಭಾರ ಕಟ್ಟಿದ ಪೆಟ್ಟಿಗೆಯಲ್ಲಿ, ದಡದಿಂದ ಆದಷ್ಟು ದೂರ, ಸೆಳವಿಲ್ಲದ ಆಳ ನೀರಿನಲ್ಲಿ. ಕಡತ ತೆಗೆದ ಜಾಗ ಖಾಲಿ ಕಾಣದಂತೆ ಹುಸಿ ಕಡತ ಇಡಬಹುದಿತ್ತು. ಈ ಸೂಚನೆಗಳೇ ಕಡತವಾಗಿ ಉಳಿದುಕೊಂಡವು, ಅದರಿಂದ ನಮಗೆ ಇದು ಗೊತ್ತಾಯಿತು.

ಸುಡದೆ ಲಂಡನ್ನಿಗೆ ಸಾಗಿಸಿದ ಕಡತಗಳನ್ನು ಬಕಿಂಗ್‌ಹ್ಯಾಮ್‌ಶೈರಿನ ಹ್ಯಾನ್ಸ್‌ಲೋಪ್ ಪಾರ್ಕಿನಲ್ಲಿ ವಿದೇಶಾಂಗ ಖಾತೆ ದಶಕಗಳ ಕಾಲ ಇಟ್ಟುಕೊಂಡಿತ್ತು. ಹೊರಗೆ ಬಂದದ್ದು ತಾನಾಗಿ ಅಲ್ಲ. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಕೀನ್ಯಾದಲ್ಲಿ ಎದ್ದ ಮೌ ಮೌ ದಂಗೆಯ ಕಾಲದಲ್ಲಿ ಬಂದೀಖಾನೆಗಳಲ್ಲಿ ಹಿಂಸೆಗೊಳಗಾದ ಕೀನ್ಯಾದ ವೃದ್ಧರು ಲಂಡನ್ನಿನ ಹೈಕೋರ್ಟಿನಲ್ಲಿ ದಾವೆ ಹೂಡಿದಾಗ, ಅವರ ಪರ ಇತಿಹಾಸಕಾರರು ಕಾಗದ ಎಲ್ಲಿ ಎಂದು ಪಟ್ಟು ಹಿಡಿದಾಗ, 2011ರಲ್ಲಿ ಖಾತೆ ಒಪ್ಪಿಕೊಂಡಿತು: 37 ಹಳೆಯ ವಸಾಹತುಗಳ ಸುಮಾರು 8,800 ಕಡತಗಳು ತನ್ನಲ್ಲಿವೆ. ಅದರಲ್ಲಿ ಕೀನ್ಯಾದವೇ ಸುಮಾರು 1,500. 2012ರ ಏಪ್ರಿಲಿನಿಂದ 2013ರ ನವೆಂಬರಿನವರೆಗೆ ಕಂತುಕಂತಾಗಿ ಕ್ಯೂಗೆ ಬಂದವು. 2013ರ ಜೂನ್ 6ರಂದು ವಿದೇಶಾಂಗ ಮಂತ್ರಿ ವಿಲಿಯಂ ಹೇಗ್ ಪಾರ್ಲಿಮೆಂಟಿನಲ್ಲಿ ವಿಷಾದ ವ್ಯಕ್ತಪಡಿಸಿ, 5,228 ಮಂದಿಗೆ ಒಟ್ಟು 1 ಕೋಟಿ 99 ಲಕ್ಷ ಪೌಂಡಿನ ರಾಜಿ ಘೋಷಿಸಿದರು. ಸರ್ಕಾರ ಕಾನೂನಿನ ಹೊಣೆಯನ್ನು ಮಾತ್ರ ಒಪ್ಪಲಿಲ್ಲ. ಕಾಗದ ಓದುವುದು ಪಂಡಿತರ ಹವ್ಯಾಸ ಎನ್ನುವವರು ಈ ಮೊಕದ್ದಮೆಯನ್ನು ನೋಡಬೇಕು. ನಲವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿ ಹೂಡಿದ್ದ ಇನ್ನೊಂದು ದಾವೆ ಕಾಲ ಮೀರಿತೆಂಬ ಮುಖ್ಯ ಕಾರಣಕ್ಕೆ 2018ರಲ್ಲಿ ಬಿದ್ದುಹೋಯಿತು. ತಡವಾಗಿ ಬಂದ ಕಾಗದದ ಬೆಲೆ ಯಾರು ತೆರುತ್ತಾರೆ ಎಂಬುದು ಅದರಿಂದ ತಿಳಿಯುತ್ತದೆ.

1957ರ ಜೂನಿನಲ್ಲಿ ಕೀನ್ಯಾದ ಅಟಾರ್ನಿ ಜನರಲ್ ಎರಿಕ್ ಗ್ರಿಫಿತ್-ಜೋನ್ಸ್ ಗವರ್ನರ್ ಎವ್ಲಿನ್ ಬೇರಿಂಗ್‌ಗೆ ಬರೆದ ಪತ್ರ ಈ ಇಡೀ ಆಡಳಿತದ ಮನಸ್ಸನ್ನು ತೆರೆದಿಡುತ್ತದೆ. ಬಂದಿಗಳನ್ನು ಹೊಡೆಯುವುದನ್ನು ಕಾನೂನಿನ ಚೌಕಟ್ಟಿಗೆ ಹೇಗೆ ಕೂರಿಸಬೇಕು, ದೇಹದ ಯಾವ ಭಾಗಕ್ಕೆ ಪೆಟ್ಟು ಬೀಳಬಾರದು, ಹೊಡೆಯುವವರು ಆವೇಶಕ್ಕೆ ಒಳಗಾಗಬಾರದು ಎಂದೆಲ್ಲ ವಕೀಲಿ ಭಾಷೆಯಲ್ಲಿ ಬರೆದು, ಪಾಪ ಮಾಡುವುದೇ ಆದರೆ ಸದ್ದಿಲ್ಲದೆ ಮಾಡಬೇಕು ಎಂದು ಹೇಳುತ್ತಾರೆ. ಎರಡು ವರ್ಷದೊಳಗೆ, 1959ರ ಮಾರ್ಚ್ 3ರಂದು, ಹೋಲಾ ಶಿಬಿರದಲ್ಲಿ 11 ಬಂದಿಗಳನ್ನು ಹೊಡೆದು ಕೊಂದರು. ನೀರು ಕುಡಿದು ಸತ್ತರೆಂದು ಮೊದಲ ಪ್ರಕಟಣೆ ಹೊರಟಿತು. ಜುಲೈನಲ್ಲಿ ಪಾರ್ಲಿಮೆಂಟಿನಲ್ಲಿ ಇದನ್ನು ಅತ್ಯಂತ ಕಟುವಾಗಿ ಖಂಡಿಸಿದವರಲ್ಲಿ ಆಳುವ ಪಕ್ಷದ ಇನಾಕ್ ಪೊವೆಲ್ ಕೂಡ ಒಬ್ಬರು. ವಲಸಿಗರ ವಿರುದ್ಧ ಮುಂದೆ ಕುಖ್ಯಾತ ಭಾಷಣ ಮಾಡಿದ ಅದೇ ಪೊವೆಲ್. ಆಫ್ರಿಕಾದಲ್ಲಿ ಒಂದು ನ್ಯಾಯ, ಬ್ರಿಟನ್ನಿನಲ್ಲೊಂದು ನ್ಯಾಯ ಇರಬಾರದೆಂಬುದು ಅವರ ವಾದ. ಆ ಕಾಲದ ಮಾನದಂಡವೇ ಬೇರೆ, ಇಂದಿನ ನೀತಿಯಿಂದ ಅಳೆಯಬೇಡಿ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಡ. ಆ ಕಾಲದವರೇ, ಆ ಪಕ್ಷದವರೇ, ಆ ಸದನದಲ್ಲೇ ಅಳೆದಿದ್ದಾರೆ. ಭಾಷಣ ಪಾರ್ಲಿಮೆಂಟಿನ ಚರ್ಚೆಗಳ ಅಧಿಕೃತ ವರದಿಯಾದ ಹ್ಯಾನ್ಸಾರ್ಡ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಅದಕ್ಕೆ ಲಂಡನ್ನಿಗೆ ಹೋಗಬೇಕಾಗಿಲ್ಲ.

ಎಫ್‌ಸಿಒ 141ರಲ್ಲಿ ಎದುರಾಗುವ ತೊಡಕುಗಳನ್ನೂ ಹೇಳಬೇಕು. ಬಹುಪಾಲು ಕಡತಗಳು ಆನ್‌ಲೈನಿನಲ್ಲಿಲ್ಲ, ಹೋಗಿಯೇ ನೋಡಬೇಕು. ಹಳೆಯ ಕೀಟನಾಶಕದ ಅಂಶ ಕಾಗದದಲ್ಲಿ ಉಳಿದಿರಬಹುದೆಂಬ ಕಾರಣಕ್ಕೆ 2022ರಲ್ಲಿ ಈ ಸರಣಿಯನ್ನು ಹಠಾತ್ತನೆ ಓದುಗರಿಂದ ಹಿಂತೆಗೆದಿದ್ದರು. ವಿಮಾನದ ಟಿಕೆಟ್ ಕೊಳ್ಳುವ ಮುಂಚೆ ನಿಮಗೆ ಬೇಕಾದ ಪ್ರತಿ ಕಡತದ ಸೂಚಿಪುಟ ತೆರೆದು ‘ಆಕ್ಸೆಸ್ ಕಂಡಿಷನ್ಸ್’ ಸಾಲು ಓದಿ, ಅನುಮಾನವಿದ್ದರೆ ಇಮೇಲ್ ಮಾಡಿ. ಅವರ ಲೈವ್ ಚಾಟ್‌ನಲ್ಲೂ ನಿಜವಾಗಿ ಕೆಲಸ ಬಲ್ಲವರು ಸಿಗುತ್ತಾರೆ.

ಆ ಸಾಲಿನಲ್ಲಿ ಬರುವ ಪದಗಳ ಅರ್ಥ ತಿಳಿದಿರಬೇಕು. ‘ಓಪನ್’ ಎಂದರೆ ಸರಿ. ‘ಕ್ಲೋಸ್ಡ್’ ಎಂದಿದ್ದು ವರ್ಷ ಕೊಟ್ಟಿದ್ದರೆ ಮಾಹಿತಿ ಹಕ್ಕಿನಡಿ ಮರುಪರಿಶೀಲನೆ ಕೇಳಬಹುದು. ಭಾರತದ ಪ್ರಜೆಯೂ ಕೇಳಬಹುದು, ಹಣ ಬೇಡ, ಉತ್ತರಕ್ಕೆ ವಾರಗಳು ಹಿಡಿಯುತ್ತವೆ. ‘ರಿಟೇನ್ಡ್ ಅಂಡರ್ ಸೆಕ್ಷನ್ 3(4)’ ಎಂದರೆ 1958ರ ಸಾರ್ವಜನಿಕ ದಾಖಲೆಗಳ ಕಾಯಿದೆಯಂತೆ ಇಲಾಖೆಯೇ ಇಟ್ಟುಕೊಂಡಿದೆ, ಕ್ಯೂ ಕೈಯಲ್ಲಿಲ್ಲ. ಅರ್ಜಿ ಆ ಇಲಾಖೆಗೆ ಹೋಗಬೇಕು. ‘ವಾಂಟಿಂಗ್’ ಎಂದರೆ ಕಾಣೆ. ಕಡತ ತೆರೆದಾಗ ನಡುವೆ ಒಂದು ಹಾಳೆಯ ಬದಲು ಅದೇ ಸೆಕ್ಷನ್ ನಮೂದಿಸಿದ ಚೀಟಿ ಸಿಗುವುದೂ ಉಂಟು. ಆ ಚೀಟಿಯ ಫೋಟೋ ತಪ್ಪದೆ ತೆಗೆಯಿರಿ. ಹಿಂದಿನ ಪುಟಸಂಖ್ಯೆ, ಮುಂದಿನ ಪುಟಸಂಖ್ಯೆ, ಟಿಪ್ಪಣಿ ಹಾಳೆಯಲ್ಲಿ ಆ ಸಂಖ್ಯೆಗೆ ಹಾಕಿದ ಷರಾ ಮೂರನ್ನೂ ಸೇರಿಸಿದರೆ ಕಾಣೆಯಾದದ್ದು ಯಾವ ತಾರೀಖಿನ ಯಾರ ಪತ್ರವೆಂದು ಎಷ್ಟೋ ಸಲ ಹೇಳಬಹುದು. ಸುಟ್ಟ ಕಡತಗಳಿಗೂ ಇದೇ ಉಪಾಯ: ವಸಾಹತಿನಲ್ಲಿ ಸುಟ್ಟದ್ದರ ಪ್ರತಿ ಲಂಡನ್ನಿನ ವಸಾಹತು ಖಾತೆಗೆ ಬಂದಿದ್ದರೆ ‘ಸಿಒ’ ಸರಣಿಗಳಲ್ಲಿ, ಸೇನೆಗೆ ಹೋಗಿದ್ದರೆ ‘ಡಬ್ಲ್ಯುಒ’ ಸರಣಿಗಳಲ್ಲಿ ಉಳಿದಿರುತ್ತದೆ. ಸುಡುವವರಿಗೆ ಒಂದು ಕಚೇರಿ ಸಿಕ್ಕಿತ್ತು, ಎಲ್ಲ ಕಚೇರಿಗಳಲ್ಲ.

ಭಾರತದವರು ಮಾಡುವ ಸಾಮಾನ್ಯ ತಪ್ಪೆಂದರೆ 1947ಕ್ಕೆ ಮೊದಲಿನ ಭಾರತದ ಕಡತ ಹುಡುಕಿ ಕ್ಯೂಗೆ ಹೋಗುವುದು. ಈಸ್ಟ್ ಇಂಡಿಯಾ ಕಂಪನಿ ಮತ್ತು ಇಂಡಿಯಾ ಆಫೀಸಿನ ಕಾಗದಗಳು ಸೇಂಟ್ ಪ್ಯಾಂಕ್ರಾಸ್‌ನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಕಪಾಟುಗಳ ಉದ್ದವೇ ಸುಮಾರು 14 ಕಿಲೋಮೀಟರ್. ಜಲಿಯನ್‌ವಾಲಾ ಬಾಗ್ ಕುರಿತ ಇಂಡಿಯಾ ಆಫೀಸಿನ ಕಡತಗಳು ಅಲ್ಲಿ. ಅದಕ್ಕೆ ಬೇರೆ ಓದುಗರ ಚೀಟಿ, ಅದೂ ಉಚಿತ. 2023ರ ಅಕ್ಟೋಬರಿನ ಸೈಬರ್ ದಾಳಿಯಿಂದ ಆ ಲೈಬ್ರರಿಯ ಸೂಚಿಗಳು ಬಹಳ ಕಾಲ ಕೆಟ್ಟು ಕೂತಿದ್ದವು, ಆದ್ದರಿಂದ ಹೋಗುವ ಮುಂಚೆ ಕಡತ ಸಂಖ್ಯೆ ಕೈಯಲ್ಲಿರಬೇಕು.

ಆದರೆ ಕನ್ನಡಿಗರಿಗೆ ಕ್ಯೂನಲ್ಲೇ ಒಂದು ದೊಡ್ಡ ಗಂಟು ಇದೆ: ‘ಪಿಆರ್‌ಒ 30/11’, ಕಾರ್ನ್‌ವಾಲಿಸ್ ಪತ್ರಗಳು. ಮೂರನೆಯ ಮೈಸೂರು ಯುದ್ಧವನ್ನು ನಡೆಸಿದ ಗವರ್ನರ್ ಜನರಲ್‌ನ ಪತ್ರವ್ಯವಹಾರ. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಬಿದ್ದದ್ದು, 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋದದ್ದು, 3 ಕೋಟಿ 30 ಲಕ್ಷ ರೂಪಾಯಿ ದಂಡ, ಒತ್ತೆಯಾಗಿ ಹೋದ ಇಬ್ಬರು ಮಕ್ಕಳು, ಎಲ್ಲ ನಮ್ಮ ಶಾಲೆಯ ಪಾಠದಲ್ಲಿ ಒಂದು ಪ್ಯಾರಾ. ಸೈನ್ಯಕ್ಕೆ ಎತ್ತು, ಅಕ್ಕಿ, ಹಣ ಹೇಗೆ ಒದಗಿತು, ಮರಾಠರಿಗೂ ನಿಜಾಮನಿಗೂ ಎಂಥ ಪತ್ರ ಹೋಯಿತು ಎಂಬುದನ್ನು ಹುಡುಕಬೇಕಾದದ್ದು ಇಂಥ ಕಟ್ಟುಗಳಲ್ಲಿ. ಗೆದ್ದವನ ಕಣ್ಣಿನ ಕಥೆ ಅದು, ಟಿಪ್ಪುವಿನ ಕಡೆಯ ದನಿಯಿಲ್ಲ. ಆದರೂ ಟಿಪ್ಪುವಿನ ಬಗ್ಗೆ ನಮ್ಮಲ್ಲಿ ನಡೆಯುವ ಜಗಳದಲ್ಲಿ ಬೀಸುವ ಇಂಗ್ಲಿಷ್ ಉಲ್ಲೇಖಗಳಲ್ಲಿ ಎಷ್ಟು ಯುದ್ಧಕಾಲದ ಪ್ರಚಾರ, ಎಷ್ಟು ಕಣ್ಣಾರೆ ಕಂಡದ್ದು ಎಂದು ಬಿಡಿಸಲು ಇಂಥ ಪತ್ರಗಳು ಬೇಕೇ ಬೇಕು. ಕೈಬರಹ 18ನೆಯ ಶತಮಾನದ್ದು, ‘ಎಸ್’ ಅಕ್ಷರ ಎಷ್ಟೋ ಕಡೆ ‘ಎಫ್’ನಂತೆ ಕಾಣುತ್ತದೆ. ಮೊದಲ ಎರಡು ಗಂಟೆ ಕಷ್ಟ, ಆಮೇಲೆ ಕಣ್ಣು ಪಳಗುತ್ತದೆ.

ಹೋಗಲಾರದವರಿಗೆ ಪ್ರತಿ ತರಿಸುವ ವ್ಯವಸ್ಥೆಯಿದೆ: ಮೊದಲು ಹಣ ಕಟ್ಟಿ ‘ಪೇಜ್ ಚೆಕ್’, ಅಂದರೆ ಪುಟಗಳ ಎಣಿಕೆ, ಮಾಡಿಸಬೇಕು, ಆಮೇಲೆ ಪುಟಗಳ ಲೆಕ್ಕದಲ್ಲಿ ದರ ಹೇಳುತ್ತಾರೆ. ದಪ್ಪ ಕಡತಕ್ಕೆ ಇದು ತೀರ ದುಬಾರಿ. ಲಂಡನ್ನಿನಲ್ಲಿ ಪರಿಚಯದವರೋ ನೆಂಟರ ಮಕ್ಕಳೋ ಓದುತ್ತಿದ್ದರೆ, ಕಡತ ಸಂಖ್ಯೆಗಳ ಪಟ್ಟಿಯನ್ನೂ ಫೋಟೋ ತೆಗೆಯುವ ಕ್ರಮವನ್ನೂ ಬರೆದುಕೊಟ್ಟು ಒಂದು ಶನಿವಾರ ಕಳಿಸಿ. ಮೊದಲ ಸಲಕ್ಕೆ ಐದಾರು ಕಡತ ಸಾಕು. ಹನ್ನೆರಡಕ್ಕೆ ಬೇಡಿಕೆ ಹಾಕಿ ನಾಲ್ಕನ್ನು ಅವಸರದಲ್ಲಿ ಓದಿ ಬರುವವರೇ ಹೆಚ್ಚು, ಟಿಪ್ಪಣಿ ಹಾಳೆ ಬಿಟ್ಟುಹೋಗುವುದೂ ಆ ಅವಸರದಲ್ಲೇ.